ಕೆಟ್ಟ ಎಸಿ ಬೇಕೆಂದ ಕೂಸು

ನಾನು ರಿಪೇರಿ ಮಾಡಿದ ಎಸಿ ಓಡುತ್ತಾ ಉಂಟಾ ಇಲ್ಲವಾ ಎಂದು ತಿಳಿಯಬೇಕಾದರೆ ಅದರ ಮುಂದೆ ಕೈ ಹಿಡಿಯಬೇಕು. ಕಿವಿಗೆ ಗೊತ್ತಾಗುವುದಿಲ್ಲ. ಇದು ಜಂಬದ ಮಾತಲ್ಲ, ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಯಾವ ಫ್ಲಾಟಿನಲ್ಲಿ ಬೇಕಾದರೂ ಕೇಳಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮಂಗಳೂರಿನ ವರ್ಕ್‌ಶಾಪಿನಲ್ಲಿ ಸ್ಪ್ಯಾನರ್ ಹಿಡಿದವನು ನಾನು. ಕಲಿಸಿದವರು ಬೈದದ್ದುಂಟು, ಗಿರಾಕಿ ಬೈದದ್ದಿಲ್ಲ. ಹಾಗಿರುವಾಗ ಒಂದು ಬೆಳಿಗ್ಗೆ ನಮ್ಮ ಸೂಪರ್‌ವೈಸರ್ ಫೋನ್ ಮಾಡಿದ. ಮೈಸೂರು ಕಡೆಯವ, ಡಿಪ್ಲೊಮಾ ಓದಿದವ.

"ಏನಯ್ಯಾ, ನಿನ್ ಮೇಲೆ ಕಂಪ್ಲೇಂಟ್ ಬಂದಿದೆ."

"ಎಂತ ಕಂಪ್ಲೇಂಟ್?"

"ಎಸಿ ಸದ್ದು ಮಾಡ್ತಾ ಇಲ್ವಂತೆ."

ಹಿಂದಿನ ದಿನ ಬನಿಯಾಸಿನ ಒಂದು ವಿಲ್ಲಾಕ್ಕೆ ಹೋಗಿದ್ದೆ. ಚೀನಾದಲ್ಲಿ ಅನಾಥ ಕೂಸುಗಳನ್ನು ಸಾಕುವ ಮನೆಯೊಂದು ಉಂಟಂತೆ. ಅಲ್ಲಿಂದ ಆಪರೇಷನ್ ಆಗಬೇಕಾದವುಗಳನ್ನು ಅಬುಧಾಬಿಯ ಆಸ್ಪತ್ರೆಗೆ ತರುತ್ತಾರೆ. ಗಾಯ ಒಣಗಿ ವಾಪಸು ಹೋಗುವವರೆಗೆ ಅವು ಇರುವುದು ಆ ವಿಲ್ಲಾದಲ್ಲಿ. ನೋಡಿಕೊಳ್ಳುವುದು ನರೆತ ಕೂದಲಿನ, ಗಟ್ಟಿ ಕೈಗಳ ಒಬ್ಬ ಚೀನೀ ಅಮ್ಮ. ಕೂಸುಗಳ ರೂಮಿನ ಹಳೆಯ ಕಿಟಕಿ ಎಸಿ ಖರ್ರ್... ಟಕ್, ಖರ್ರ್... ಟಕ್ ಎಂದು ಬಡಿದುಕೊಳ್ಳುತ್ತಿತ್ತು. ನಾನು ಕಾಯಿಲ್ ತೊಳೆದು, ಫ್ಯಾನ್ ಮೋಟಾರು ಬದಲಿಸಿ, ಹಳೆಯದನ್ನು ಗುಜರಿಯವನಿಗೆ ಹಾಕಿ ಬಂದಿದ್ದೆ. ಬೆಣ್ಣೆಯಂತಹ ಕೆಲಸ.

ಮರುದಿನ ಹೋದರೆ ಅಮ್ಮ ಒಂದು ಗಂಡು ಕೂಸನ್ನು ನೆಟ್ಟಗೆ ಎತ್ತಿಕೊಂಡು ನಿಂತಿದ್ದರು. ಸೀಳುತುಟಿ, ಬಾಯೊಳಗೆ ಅಂಗುಳವೂ ಸೀಳು. ಇಂಥವು ಹಾಲು ಚೀಪಲಾರವು. ಮೆತ್ತನೆಯ ಬಾಟಲಿಯನ್ನು ನಾವೇ ಅದುಮಿ ಅದುಮಿ ಕುಡಿಸಬೇಕು, ತಪ್ಪಿದರೆ ಹಾಲು ಮೂಗಿನಿಂದ ಬರುತ್ತದೆ. ಈ ಕೂಸು ಹೇಗೋ ಆ ಹಾಳು ಎಸಿಯ ತಾಳ ಹಿಡಿದುಕೊಂಡಿತ್ತು. ಖರ್ರ್ ಎಂದಾಗ ಬಾಯಿ ತುಂಬಿಕೊಳ್ಳುವುದು, ಟಕ್ ಎಂದಾಗ ನುಂಗುವುದು. ಈಗ ಟಕ್ ಇಲ್ಲ. ನುಂಗುವುದೂ ಇಲ್ಲ.

"ಗುಡ್ ಎಸಿ," ಎಂದರು ಅಮ್ಮ. ನಮ್ಮಿಬ್ಬರ ಮಾತು ಇಂಗ್ಲಿಷ್, ಹಿಂದಿ, ಅರಬಿಯ ಚಿತ್ರಾನ್ನ; ಅದರಲ್ಲಿ ಮಾಫಿ ಎಂದರೆ ಇಲ್ಲ. "ವೆರಿ ಗುಡ್. ಬೇಬಿ ಮಾಫಿ ಮಿಲ್ಕ್. ತೂಕ ಏರದಿದ್ದರೆ ಡಾಕ್ಟರು ಆಪರೇಷನ್ ಮಾಡುವುದಿಲ್ಲ. ಪ್ಲೀಸ್, ಖರಾಬ್ ಕರೋ."

ಕೆಟ್ಟದ್ದನ್ನು ಸರಿ ಮಾಡುವುದು ನನಗೆ ಗೊತ್ತು. ಸರಿ ಇದ್ದದ್ದನ್ನು ಕೆಡಿಸುವುದನ್ನು ಯಾರೂ ಕಲಿಸಿರಲಿಲ್ಲ. ಸ್ಕ್ರೂ ಸಡಿಲಿಸಿದೆ, ಗಡಗಡ ಎಂದಿತು. ಕೂಸು ಮುಖ ತಿರುಗಿಸಿತು. ಜಾಲರಿಯೊಳಗೆ ಪ್ಲಾಸ್ಟಿಕ್ ಚಮಚ ಸಿಕ್ಕಿಸಿದೆ, ಪಟಪಟ ಎಂದಿತು. ಕೂಸು ಹಾಲನ್ನು ನನ್ನ ಯೂನಿಫಾರ್ಮಿನ ಮೇಲೆ ಉಗಿಯಿತು. ಅಮ್ಮ ಮೊಬೈಲಿನಲ್ಲಿ ಯಾವುದೋ ಕೆಟ್ಟ ಎಸಿಯ ವಿಡಿಯೋ ಹುಡುಕಿ ಹಚ್ಚಿದರು. ಕೂಸು ಮೊಬೈಲನ್ನೇ ಹಿಡಿದು ಬಾಯಿಗೆ ಹಾಕಲು ನೋಡಿತು.

"ಇವನಿಗೆ ನಮ್ಮ ಸೂಪರ್‌ವೈಸರನ ಕೆಲಸ ಕೊಡಿ," ಎಂದೆ. "ಎಂತ ಮಾಡಿದರೂ ಪಾಸ್ ಮಾಡುವುದಿಲ್ಲ."

ನನಗೆ ಹಟ ಬಂತು. ಹಾಳು ಮಾಡಲಿಕ್ಕೂ ಬಾರದ ಟೆಕ್ನಿಷಿಯನ್ ಎಂದು ಹೇಳಿಸಿಕೊಳ್ಳಬೇಕಾ? ಗುಜರಿಯವನನ್ನು ಹಿಡಿದೆ. ಮಾಲೆಲ್ಲ ದುಬೈಗೆ ಹೋಯಿತು, ಅಲ್ಲಿನ ನೈಫ್ ಪೇಟೆಯಲ್ಲಿ ಹಳೆ ಮೋಟಾರಿನ ಅಂಗಡಿ ಉಂಟು, ಹೋಗು ಎಂದ. ರಜೆಯ ದಿನ ಬಸ್ಸು ಹತ್ತಿದೆ. ಅಂಗಡಿಯವರು ಉಪ್ಪಿನಂಗಡಿ ಕಡೆಯ ಬ್ಯಾರಿ, ನನ್ನ ಕನ್ನಡ ಕೇಳಿದ ಕೂಡಲೇ ಚಹಾ ತರಿಸಿದರು.

"ಎಂತ ಬೇಕು ಮಾರಾಯ?"

"ಕಿಟಕಿ ಎಸಿಯ ಫ್ಯಾನ್ ಮೋಟಾರು. ಬೇರಿಂಗ್ ಹೋದದ್ದು."

"ನನ್ನ ಅಂಗಡಿಯಲ್ಲಿ ಬೇರಿಂಗ್ ಹೋದದ್ದು ಇಲ್ಲ," ಎಂದರು, ಮುಖ ಬಿಗಿದು. "ಎಲ್ಲ ಗ್ಯಾರಂಟಿ ಮಾಲು."

"ಹಾಗಲ್ಲ ಅಣ್ಣ, ನನಗೆ ಕೆಟ್ಟದ್ದೇ ಬೇಕು."

"ಯಾರ ಮನೆ ಹಾಳು ಮಾಡ್ಲಿಕ್ಕೆ?"

"ಒಂದು ಕೂಸಿಗೆ."

ಅವರು ಚಹಾ ಕೆಳಗಿಟ್ಟರು. ವಿಷಯ ಹೇಳಿದೆ. ಎದ್ದು ಹೋಗಿ ಹಿಂದಿನ ಕೋಣೆಯಿಂದ ಒಂದು ಪೆಟ್ಟಿಗೆ ಎಳೆದು ತಂದರು. ಇಲ್ಲ ಎಂದ ಮಾಲೆಲ್ಲ ಅದರಲ್ಲಿತ್ತು. ಒಂದೊಂದಕ್ಕೇ ಕರೆಂಟು ಕೊಟ್ಟರು. ನಾನು ಕಣ್ಣು ಮುಚ್ಚಿ ಕೇಳಿದೆ.

"ಇದು ಆಗುವುದಿಲ್ಲ. ಇದರಲ್ಲಿ ಖರ್ರ್ ಉಂಟು, ಟಕ್ ಇಲ್ಲ."

"ಇದು?"

"ಟಕ್ ಬೇಗ ಬರ್ತದೆ. ಕೂಸಿಗೆ ಕೆಮ್ಮು ಬಂದೀತು."

ವಾಟರ್ ಪಂಪು ಕೊಳ್ಳಲು ಬಂದ ಪಠಾಣನೊಬ್ಬ ನಮ್ಮನ್ನು ನೋಡಿ ಪಕ್ಕದ ಅಂಗಡಿಗೆ ಹೋದ. ಕೊನೆಗೆ ತುಕ್ಕು ಹಿಡಿದ ಒಂದು ಮೋಟಾರು ಖರ್ರ್... ಟಕ್ ಎಂದಿತು. ನನ್ನ ಗಂಟಲು ತನ್ನಷ್ಟಕ್ಕೆ ನುಂಗಿತು.

"ಇದೇ!"

"ಒಂದು ಮಾತು," ಎಂದರು ಬ್ಯಾರಿಗಳು, ಅದನ್ನು ಪೇಪರಿನಲ್ಲಿ ಸುತ್ತುತ್ತಾ. "ಎಷ್ಟು ದಿನ ಕೆಟ್ಟಿರ್ತದೆ ಅಂತ ಗ್ಯಾರಂಟಿ ಇಲ್ಲ. ನಡುವೆ ಸರಿಯಾದ್ರೆ ನನ್ನನ್ನು ಕೇಳ್ಬೇಡ."

ಹೊಸ ಮೋಟಾರು ಬಿಚ್ಚಿ ಆ ದರಿದ್ರವನ್ನು ಕೂರಿಸಿದೆ. ಸ್ವಿಚ್ ಹಾಕಿದೆ. ಕೂಸು ಬಾಯಿ ತೆರೆಯಿತು. ಖರ್ರ್, ಅಮ್ಮ ಬಾಟಲಿ ಅದುಮಿದರು. ಟಕ್, ಅವನು ನುಂಗಿದ. "ಖಲಾಸ್!", ಕೆಲಸ ಆಯಿತು, ಎಂದು ಅಮ್ಮ ನನ್ನ ಬೆನ್ನಿಗೆ ಗುದ್ದಿದರು. ಸಂತೋಷದ ಗುದ್ದೇ, ಆದರೂ ನೋವಾಯಿತು.

ತೂಕ ಏರಿತು. ಆಪರೇಷನ್ ಆಯಿತು. ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಅಮ್ಮನದು ಫೋನ್.

"ಬೇಬಿ ಮಾಫಿ ಮಿಲ್ಕ್. ಆಸ್ಪತ್ರೆ ಎಸಿ ವೆರಿ ಗುಡ್. ಯಲ್ಲಾ, ಬಾ."

ಬಾಯಿಂದ ಕುಡಿಯುವವರೆಗೆ ಡ್ರಿಪ್ ತೆಗೆಯುವುದಿಲ್ಲ, ಮನೆಗೆ ಬಿಡುವುದಿಲ್ಲ ಎಂದರಂತೆ ಡಾಕ್ಟರು. ನಾನು ಡ್ಯೂಟಿಯ ನಡುವೆ ಯೂನಿಫಾರ್ಮಿನಲ್ಲೇ ಓಡಿದೆ. ದಾರಿಯಲ್ಲಿ ವಿಲ್ಲಾಕ್ಕೆ ಹೋಗಿ ಆ ಮೋಟಾರನ್ನು ಬಿಚ್ಚಿ ಚೀಲದಲ್ಲಿ ತಂದಿದ್ದೆ. ವಾರ್ಡಿನ ಬಾಗಿಲಿನ ಸೆಕ್ಯೂರಿಟಿ ಅದನ್ನು ನೋಡಿ, ಒಳಗೆ ಬಿಡುವುದಿಲ್ಲ ಎಂದು ಮೇಜಿನ ಕೆಳಗಿಟ್ಟ. ಆಮೇಲೆ, ಬಾಗಿಲಿಗೆ ಬಂದಿದ್ದ ಅಮ್ಮನಿಗೆ ನನ್ನನ್ನು ತೋರಿಸಿ, "ಇವರು ಕೂಸಿಗೆ ಏನಾಗಬೇಕು?" ಎಂದು ಕೇಳಿದ.

ಅಮ್ಮ ಯೋಚನೆಯನ್ನೂ ಮಾಡಲಿಲ್ಲ. "ಇವರು ಎಸಿ," ಎಂದರು.

ಅವನಿಗೆ ಏನು ಅರ್ಥವಾಯಿತೋ, ಬಿಟ್ಟ.

ಕೂಸಿನ ತುಟಿಯ ಮೇಲೆ ಸಪೂರ ಹೊಲಿಗೆ. ಮುಖ ಬೇರೆ ಯಾರದೋ ಆಗಿತ್ತು, ಆದರೆ ಹಟ ಅವನದೇ. ಅಮ್ಮ ಚಮಚ ಎತ್ತಿ ನನ್ನನ್ನು ನೋಡಿದರು. ಮೋಟಾರು ಹೊರಗೆ, ನಾನು ಒಳಗೆ. ಸುತ್ತ ನರ್ಸುಗಳು. ನಾನು ಮಂಚದ ಪಕ್ಕ ಬಗ್ಗಿ, ಹೊಟ್ಟೆಯಿಂದ ಖರ್ರ್ ಎಂದೆ. ನಾಲಿಗೆಯಿಂದ ಟಕ್.

ಕೂಸು ಕಣ್ಣು ಬಿಟ್ಟಿತು. ಮತ್ತೊಮ್ಮೆ ಖರ್ರ್. ಚಮಚ ಬಾಯಿಗೆ ಹೋಯಿತು. ಟಕ್. ನುಂಗಿತು!

ಪಕ್ಕದ ಮಂಚದ ಹುಡುಗಿ ಎದ್ದು ಕುಳಿತಳು. "ಮಮ್ಮಿ, ಅಂಕಲ್ ಈಸ್ ಬ್ರೋಕನ್."

"ಶ್, ಸುಮ್ನೆ ಮಲ್ಕೋ," ಎಂದರು ಅವಳ ತಾಯಿ, ಅಚ್ಚ ಬೆಂಗಳೂರು ಕನ್ನಡದಲ್ಲಿ. "ಪಾಪ, ಅವ್ರನ್ನ ಇಲ್ಲಿಗೇ ತೋರಿಸೋಕೆ ಕರ್ಕೊಂಡು ಬಂದಿರ್ತಾರೆ."

ನನಗೆ ಮೈಯೆಲ್ಲ ಉರಿಯಿತು. ನಾನು ಕಂಪನಿಯ ನಂಬರ್ ಒನ್ ಟೆಕ್ನಿಷಿಯನ್ ತಾಯಿ, ನಾನು ಮುಟ್ಟಿದ ಎಸಿ ಉಸಿರೂ ಬಿಡುವುದಿಲ್ಲ, ಎಂದು ಕನ್ನಡದಲ್ಲೇ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟಕ್ಕೇ ತಾಳ ತಪ್ಪಿತು. ಕೂಸು ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡಿತು.

ಬಟ್ಟಲಿನಲ್ಲಿ ಇನ್ನೂ ಅರ್ಧ ಹಾಲಿತ್ತು. ಖರ್ರ್, ಎಂದೆ.