ಕಿನುಯೊ ಅಳೆದ ಸಾರು

ಜಪಾನಿನ ನಾಗಾನೊ ಬೆಟ್ಟದ ಆ ಹಳ್ಳಿಯಲ್ಲಿ ಪ್ರತಿ ಚಳಿಗಾಲವೂ ಇಬ್ಬರೋ ಮೂವರೋ ಲಕ್ವ ಹೊಡೆದು ಬೀಳುತ್ತಿದ್ದರು. ಜನರ ಉಪ್ಪಿನ ಚಟ ಬಿಡಿಸಲೇಬೇಕೆಂದು ಆರೋಗ್ಯ ಸ್ವಯಂಸೇವಕಿ ಕಿನುಯೊ ಮನೆಮನೆಗೆ ಹೋಗಿ ಹುದುಗಿಸಿದ ಸೋಯಾದ ಮಿಸೊ ಸಾರಿಗೆ ಉಪ್ಪು ಅಳೆಯುವ ಮೀಟರು ಅದ್ದಿ ನೋಡುತ್ತಿದ್ದಳು. ಮುಖದ ಮೇಲೆ ಬಾಗಿಲು ಹಾಕಿದವರ ಮನೆಗೆ ಮರುದಿನವೂ ಹೋಗುವ ಹಟಮಾರಿ ಹೆಂಗಸು.

ತೊಮೆಜಿ ಅಜ್ಜನ ಸಾರಿನಲ್ಲಿ ಮೀಟರಿನ ಮುಳ್ಳು ಮೇಲೇಳಲೇ ಇಲ್ಲ. ತಾನು ಬರುವುದು ಕಂಡೊಡನೆ ಅಜ್ಜ ಸಾರಿಗೆ ಬಿಸಿನೀರು ಸುರಿದಿದ್ದಾನೆಂದು ಅವಳಿಗೆ ಗೊತ್ತಾಯಿತು.

"ಭೇಷ್ ಅಜ್ಜ! ಬನ್ನಿ, ಇಬ್ರೂ ಕುಡಿಯೋಣ" ಎಂದು ಎರಡು ಬಟ್ಟಲಿಗೆ ಬಡಿಸಿದಳು.

ಒಂದು ಗುಟುಕಿಗೇ ಅಜ್ಜ ಮುಖ ಕಿವುಚಿದ. "ಥೂ, ಪಾತ್ರೆ ತೊಳೆದ ನೀರು! ಒಂದು ಕಾಲದಲ್ಲಿ ಮದುವೆ ಮನೆ ಸಾರು ಅಂದ್ರೆ ನಿನ್ ಕೈದೇ ಆಗ್ಬೇಕಿತ್ತು. ಈಗ ನೀನೇ ಉಪ್ಪು ಬೇಡ ಅಂತೀಯಲ್ಲೇ!"

"ಹೌದಜ್ಜ, ಊರಿಗೆಲ್ಲ ಜಾಸ್ತಿ ಉಪ್ಪು ಹಾಕ್ತಿದ್ದೋಳು ನಾನೇ. ನಮ್ಮನೆಯವ್ರು ಹೊಗಳಿ ಹೊಗಳಿ ದಿನಾ ಮೂರು ಬಟ್ಟಲು ಕುಡೀತಿದ್ರು. ನಲವತ್ತೆರಡಕ್ಕೇ ಲಕ್ವ ಹೊಡೆದು ಹೋಗ್ಬಿಟ್ರು."

ಕಿನುಯೊ ಬಟ್ಟಲಿನ ತಳ ಕಾಣುವವರೆಗೂ ಕುಡಿದು ಎದ್ದಳು.

"ನಾಳೆನೂ ಬರ್ತೀನಿ. ಇವತ್ತು ಸುರಿದಷ್ಟೇ ನೀರು ಸುರಿದಿಡಿ."