ಅರಿವಿ ಕುರ್ಚಿ

ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಕುರ್ಚಿ ಇದೆ, ಅದರ ಮೇಲೆ ಮನುಷ್ಯಮಾತ್ರದವರು ಕೂತದ್ದನ್ನು ನಾನು ಕಂಡಿರಲಿಲ್ಲ. ಕೆಂಪು ಬಣ್ಣದ ಪ್ಲಾಸ್ಟಿಕ್ ಕುರ್ಚಿ. ಬಂದವರಿಗೆ ಕೂರಲು ಒಂದಾದರೂ ಇರಲಿ ಎಂದು ಖಾನಾಪುರದ ಸಂತೆಯಿಂದ ಬಸ್ಸಿನಲ್ಲಿ ಕಂಡಕ್ಟರನ ಕೈಯಲ್ಲಿ ಬೈಸಿಕೊಂಡು ತಂದದ್ದು. ತಂದ ದಿನವೇ ಮಳೆ ಬಂತು, ಹಗ್ಗದ ಮೇಲಿನ ಬಟ್ಟೆಗಳನ್ನು ಬಾಚಿ ತಂದು ಅದರ ಮೇಲೆ ಹಾಕಿದೆ, ಅಲ್ಲಿಗೆ ಅದರ ಹಣೆಬರಹ ತೀರ್ಮಾನವಾಯಿತು. ಒಗೆದ ಬಟ್ಟೆಯೆಲ್ಲ ಮಡಿಕೆ ಕಾಣದೆ ಅಲ್ಲಿಗೇ ಹೋಗುತ್ತದೆ, ಬೇಕಾದವರು ಬೇಕಾದ್ದನ್ನು ಅಲ್ಲಿಂದಲೇ ಎಳೆದುಕೊಳ್ಳುತ್ತಾರೆ, ಅಡಿಯಲ್ಲಿ ಬಿದ್ದವು ಹಬ್ಬಕ್ಕೊಮ್ಮೆ ಬೆಳಕು ಕಾಣುತ್ತವೆ. ಐದನೆಯ ಇಯತ್ತೆಯ ನನ್ನ ಮಗಳು ಸೃಷ್ಟಿ ಅದಕ್ಕೆ ‘ಅರಿವಿ ಕುರ್ಚಿ’ ಎಂದು ನಾಮಕರಣ ಮಾಡಿದ್ದಾಳೆ. ನಮ್ಮ ಕಡೆ ಬಟ್ಟೆಗೆ ಅರಿವಿ ಅನ್ನುತ್ತೇವೆ. ಬಟ್ಟೆಯ ಅರಿವಿಗೂ ಬುದ್ಧಿಯ ಅರಿವಿಗೂ ಏನಾದರೂ ನಂಟಿದೆಯೇ ಎಂದು ಪಂಡಿತರನ್ನು ಕೇಳಬೇಕು, ನನಗಂತೂ ಇದ್ದ ಒಂದಿಷ್ಟು ಅರಿವು ಬಂದದ್ದು ಆ ರಾಶಿಯ ಕೆಳಗಿನಿಂದಲೇ. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದೇ ಇರುತ್ತದೆ. ಇಲ್ಲ ಅನ್ನುವವರ ಮನೆಗೆ ಹೇಳದೆ ಕೇಳದೆ ಒಮ್ಮೆ ಬರುತ್ತೇನೆ.

ನನ್ನ ಹೆಸರು ಶಾಂತಾ. ಅಜ್ಜಿಯ ಹೆಸರು, ಅಜ್ಜಿಯ ಗುಣ ಬರಲಿ ಎಂದು ಇಟ್ಟದ್ದು, ಬರಲಿಲ್ಲ. “ಹೆಸರ ಶಾಂತವ್ವ, ಅಂಗಾಲಾಗ ಮಾತ್ರ ಬೆಂಕಿ” ಎಂದು ಅವ್ವ ಬಯ್ಯುತ್ತಿದ್ದಳು. ಈಗಲೂ ಚಹ ಕುಡಿಯುವುದು ನಿಂತು, ರೊಟ್ಟಿ ತಿನ್ನುವುದು ನಿಂತು, ಮಗಳ ಜಡೆ ಹಾಕುವುದು ಬಾಗಿಲಲ್ಲಿ ನಿಂತು. ಖಾನಾಪುರದ ಆಚೆಯ ನಮ್ಮ ಹಳ್ಳಿಯಿಂದ (ಹೆಸರು ಕೇಳಬೇಡಿ, ಎಲೆಕ್ಷನ್ ಹೊತ್ತು) ಬೆಳಗಾವಿಯವರೆಗೆ ಬಸ್ಸಿನಲ್ಲಿಯೂ ನಿಂತೇ, ಏಕೆಂದರೆ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆಯುವ ವಿದ್ಯೆ ನನಗೆ ಒಲಿಯಲಿಲ್ಲ. ಇಂಥ ನನಗೆ ದೇವರು ಕೊಟ್ಟ ನೌಕರಿಯಾದರೂ ಎಂಥದು? ನೆಹರು ನಗರದ ಒಂದು ಆಸ್ಪತ್ರೆಯಲ್ಲಿ, ರೋಗಿಗಳ ಹೆಸರು ಬರೆದುಕೊಳ್ಳುವ ಕೌಂಟರಿನ ಹಿಂದೆ ಕೂತು, ಬಂದವರಿಗೆಲ್ಲ ಕೂರಲು ಹೇಳುವುದು. “ಕುಂದರ್ರಿ ಅಜ್ಜಾರ, ಕರೀತೀವಿ.” “ಬಸಾ ಮಾವಶಿ, ಬಸಾ.” ಕನ್ನಡದಲ್ಲಿ ಅರ್ಧ ದಿನ, ಮರಾಠಿಯಲ್ಲಿ ಅರ್ಧ ದಿನ. ಎಷ್ಟು ಹೇಳಿದರೂ ಅವರು ಕೂರುವುದಿಲ್ಲ. ಸಾಲು ಸಾಲು ಕುರ್ಚಿ ಖಾಲಿ ಬಿದ್ದಿದ್ದರೂ ಕೌಂಟರಿನ ಅಂಚು ಹಿಡಿದು, ನನ್ನ ಬಾಯಿಯನ್ನೇ ನೋಡುತ್ತ ನಿಂತಿರುತ್ತಾರೆ. ಈ ಜನಕ್ಕೆ ಹೇಳಿದ್ದು ತಿಳಿಯುವುದಿಲ್ಲವೇ ಎಂದು ನನಗೆ ರೇಗುತ್ತಿತ್ತು.

ತಿಳಿಯದಿದ್ದವಳು ನಾನೇ ಎಂದು ಗೊತ್ತಾದದ್ದು ನೀರಿನಿಂದ. ನಮ್ಮ ಓಣಿಗೆ ನಳದ ನೀರು ಬಿಡುವುದು ಹನ್ನೊಂದು ಗಂಟೆಗೆ. ಆ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೆ, ನೀವೇ ಹೇಳಿ. ಒಬ್ಬಳು ಹೆಂಚಿನ ಕಾರ್ಖಾನೆಗೆ, ಒಬ್ಬಳು ಹೊಲಕ್ಕೆ, ನಾನು ಬೆಳಗಾವಿಗೆ. ನೀರು ಬಂದು ಖಾಲಿ ಕೊಡಗಳನ್ನು ಮಾತಾಡಿಸಿ ಹೋಗುತ್ತಿತ್ತು. ಸಂಜೆ ದಣಿದು ಬಂದವರು ಬೋರಿನ ಮುಂದೆ ಪಾಳಿ ಹಚ್ಚಬೇಕು, ಜಗಳ ಆಡಬೇಕು, ಆಮೇಲೆ ಒಲೆ. ಒಂದು ದಿನ ರಜೆ ಹಾಕಿ ಪಂಚಾಯ್ತಿಗೆ ಹೋದೆ. “ಕುಂದರ್ರಿ ಅಕ್ಕಾರ, ಸಾಹೇಬ್ರು ಬರ್ತಾರ” ಎಂದರು. ಬಾಯಿ ತುಂಬ ‘ರೀ’ ಹಚ್ಚಿ ಎಷ್ಟು ಮರ್ಯಾದೆಯಿಂದ ಕೂರಿಸಿದರೆಂದರೆ ಎದ್ದು ಕೇಳುವುದೇ ಅವಮರ್ಯಾದೆ ಅನ್ನಿಸಿತು. ಸಾಹೇಬರು ಬಂದರು, ಊಟಕ್ಕೆ ಹೋದರು, ಮೀಟಿಂಗಿಗೆ ಹೋದರು. ನಾನು ಕೂತೇ ಇದ್ದೆ. ಆಗ ತಿಳಿಯಿತು, ನನ್ನ ಕೌಂಟರಿನ ಮುಂದಿನ ಅಜ್ಜ ಯಾಕೆ ಅಂಚು ಬಿಡುವುದಿಲ್ಲ ಎಂದು. ಕೂತವರನ್ನು ಮರೆಯುತ್ತಾರೆ.

ಹೊರಗೆ ಬಂದಾಗ ನೀರು ಬಿಡುವವನೇ ಎದುರಾದ. “ಹೊತ್ತ ಬದಲಿ ಮಾಡೂದು ನನ್ನ ಕೈಯಾಗ ಇಲ್ರಿ. ನಿಮ್ಮ ಮೆಂಬರ್ ಹೇಳಬೇಕು” ಎಂದ.

“ಮೆಂಬರ್ ಎಲ್ಲಿ ಅದಾರ?”

“ಮೆಂಬರ್ ಮನ್ಯಾಗ ರೊಟ್ಟಿ ಬಡ್ಯಾಕ ಹತ್ಯಾರ. ಅವರ ಮಾಲಕರು ಕೆಲಸದ ಮ್ಯಾಲ ಬೆಳಗಾವಿಗೆ ಹೋಗ್ಯಾರ. ಅವರು ಬಂದ ಮ್ಯಾಲ ಕೇಳೂಣು.”

ಮಾಲಕರೆಂದರೆ ನಮ್ಮ ಕಡೆ ಗಂಡ. ನಮ್ಮ ವಾರ್ಡು ಮಹಿಳೆಗೆ ಮೀಸಲು. ಹೆಸರು ಹೆಂಡತಿಯದು, ಸಹಿಯೂ ಅವಳದೇ, ಕುರ್ಚಿ ಮಾತ್ರ ಗಂಡನದು. ಆ ಹೆಂಗಸಿನ ಮೇಲೆ ನನಗೆ ಸಿಟ್ಟಿಲ್ಲ, ಅವಳ ರೊಟ್ಟಿ ಓಣಿಗೇ ಹೆಸರುವಾಸಿ. ಆದರೆ ಅವತ್ತು ಮನೆಗೆ ನಡೆದು ಬರುವಾಗ ನನ್ನ ಮೈಯೆಲ್ಲ ಉರಿಯುತ್ತಿತ್ತು. ಬೋರಿನ ಪಾಳಿಯಲ್ಲಿ ಅದನ್ನೇ ಬಡಬಡಿಸಿದೆ. ಹೆಂಚಿನ ಕಾರ್ಖಾನೆಯ ಗಂಗವ್ವ ಕೊಡ ಕೆಳಗಿಟ್ಟು, “ಬಾಯಿ ಐತಿ, ನಾಕ ಅಕ್ಷರ ಅದಾವ, ಈ ಸಲ ನೀವ ನಿಂದರ್ರಿ ಅಕ್ಕಾರ” ಎಂದುಬಿಟ್ಟಳು. ಉಳಿದವರೂ ಕೊಡ ಬಡಿದರು.

ನಿಂದರ್ರಿ! ಹುಟ್ಟಿದಾಗಿನಿಂದ ನಿಂತೇ ಇರುವವಳಿಗೆ ಈ ಮಾತು. ಈ ‘ನಿಲ್ಲು’ ಅನ್ನುವ ಶಬ್ದವೇ ವಿಚಿತ್ರ ನೋಡಿ. ಮಳೆ ನಿಂತರೆ ಮುಗಿಯಿತು, ಗಡಿಯಾರ ನಿಂತರೆ ಕೆಟ್ಟಿತು, ಗೊತ್ತಾದ ಮದುವೆ ನಿಂತರೆ ಮನೆಯೇ ಮುಖ ಮುಚ್ಚಿಕೊಳ್ಳುತ್ತದೆ, ಆದರೆ ಎಲೆಕ್ಷನ್ನಿಗೆ ನಿಂತರೆ ಆಗಲೇ ಓಟ ಶುರು. ಅರ್ಜಿ ಹಾಕಿದ ಮೇಲೆ ನನಗೆ ಊಟ ಸೇರಲಿಲ್ಲ. ಕುಂತರೂ ನಿಂತರೂ ಅದೇ ಯೋಚನೆ. ಕೌಂಟರಿನಲ್ಲಿ ಒಬ್ಬರ ಹೆಸರು ಕರೆದು ಇನ್ನೊಬ್ಬರನ್ನು ಒಳಗೆ ಕಳಿಸಿದೆ. ಸೋತರೆ ಓಣಿಯಲ್ಲಿ ಹೇಗೆ ತಿರುಗಾಡಲಿ, ಗೆದ್ದರೆ ನೌಕರಿಗೆ ಹೇಗೆ ಹೋಗಲಿ, ಮಗಳ ಅಭ್ಯಾಸ ಯಾರು ನೋಡಬೇಕು? ಗೋವಾಕ್ಕೆ ಕಾಯಿಪಲ್ಲೆ ಗಾಡಿ ಹೊಡೆಯುವ ನನ್ನ ಗಂಡ ಫೋನಿನಲ್ಲಿ ನಕ್ಕು, “ನಿಂದರಬೇಕಂದ್ರ ನಿಂದ್ರು, ಪೋಸ್ಟರಿನಾಗ ನನ್ನ ಫೋಟೋ ಮಾತ್ರ ಹಾಕಬ್ಯಾಡ” ಎಂದ. ಅವನು ಹೇಳಿದ್ದರಲ್ಲಿ ಇದಕ್ಕಿಂತ ಒಳ್ಳೆಯ ಮಾತು ನನಗೆ ನೆನಪಿಲ್ಲ. ಆದರೂ ಹೆದರಿಕೆ ಹೋಗಲಿಲ್ಲ.

ಎಲೆಕ್ಷನ್ನಿನ ಭಾಷೆಯಲ್ಲಿ ‘ಕುಂದರಸೋದು’ ಅಂತಲೂ ಒಂದಿದೆ. ನಿಂತವರ ಮನವೊಲಿಸಿ ಅರ್ಜಿ ಹಿಂದೆ ತೆಗೆಸುವುದು. ಕಣದಲ್ಲಿ ಇದ್ದವರು ಇಬ್ಬರೇ, ಮೆಂಬರಬಾಯಿ ಮತ್ತು ನಾನು. ನಾನು ಕೂತರೆ ಆಕೆ ಅವಿರೋಧ. ಕೂರಿಸಲು ಯಾರನ್ನು ಕಳಿಸಬೇಕೆಂದು ಆಕೆಯ ಗಂಡನಿಗೆ ಚೆನ್ನಾಗಿ ಗೊತ್ತಿತ್ತು. ಅರ್ಜಿ ಹಿಂದೆ ಪಡೆಯುವ ಕಡೆಯ ದಿನ, ನಾನು ರಜೆ ಹಾಕಿ ಮನೆಯಲ್ಲಿದ್ದಾಗ, ಮಧ್ಯಾಹ್ನ ಅವನ ಜೀಪು ನಮ್ಮ ಬಾಗಿಲಿಗೆ ಬಂತು, ಇಳಿದವನು ಪಾರಿಶ್ವಾಡದ ನನ್ನ ಸೋದರಮಾವ. ಜೀಪಿನವರು ಅವನಿಗೆ ಬೀಗರ ಕಡೆಯವರು. ಬೀಗರ ಮಾತು ತೆಗೆದುಹಾಕುವುದು ನಮ್ಮಲ್ಲಿ ಸುಲಭವಲ್ಲ.

ಮಾಮಾ ಯಾರು ಅಂದರೆ, ನಾನು ಹತ್ತನೆಯದು ಮುಗಿಸಿದಾಗ ಅಪ್ಪ ನನ್ನ ಮದುವೆ ಮಾಡಿಬಿಡಲು ಹೊರಟಿದ್ದ. ಕುರಿ ಕಾಯುವ ಮಾಮಾ, ಕೋಲಿಗೆ ಗದ್ದ ಆನಿಸಿ ದಿನವಿಡೀ ನಿಂತೇ ಇರುವ ಮನುಷ್ಯ, ಕುರಿಗಳನ್ನು ಯಾರಿಗೋ ಒಪ್ಪಿಸಿ ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂತ. “ಹುಡುಗಿ ಕಾಲೇಜಿಗೆ ಹೋಗ್ತಾಳ ಅನ್ನೂಮಟ ನಾ ಏಳಾಂಗಿಲ್ಲ ನೋಡ್ರಿ ಭಾವಾರ.” ನೀರೂ ಮುಟ್ಟಲಿಲ್ಲ. ಮರುದಿನ ಅಪ್ಪನೇ ಸೋತು ತಂಬಿಗೆ ಹಿಡಿದು ಹೊರಗೆ ಬಂದ. ನಾನು ಇವತ್ತು ಕೌಂಟರಿನ ಹಿಂದೆ ಇರುವುದು ಆ ಕಂಬಳಿಯ ದೆಸೆಯಿಂದ. ಅಂಥವನು ಬಂದು ಕೇಳಿದರೆ ಇಲ್ಲ ಅನ್ನುವ ನಾಲಿಗೆ ನನಗಿಲ್ಲ.

“ಶಾಂತವ್ವಾ, ಕುಂದರವಾ” ಎಂದ, ಹೊಸಿಲಲ್ಲಿ ನಿಂತು.

“ನೀವ ಕುಂದರ್ರಿ ಮಾಮಾ” ಎಂದು ಸುತ್ತ ನೋಡಿದರೆ ಇದ್ದದ್ದು ಅದೊಂದೇ ಕುರ್ಚಿ. ಬಟ್ಟೆಯ ರಾಶಿಯನ್ನೆಲ್ಲ ತಬ್ಬಿ ಎತ್ತಿಕೊಂಡೆ. ಅವನು ಮೊಣಕಾಲು ಹಿಡಿದು ಮೆಲ್ಲಗೆ ಕೂತ.

“ನಾ ಹೇಳಿದ್ದು ಬ್ಯಾರೆ ಕುಂದರೂದವಾ” ಎಂದ ನೆಲ ನೋಡುತ್ತ. “ಊರಾಗ ಜಗಳ ಬ್ಯಾಡಂತಾರ. ಮೂರ ಗಂಟೆಕ್ಕ ಮುಗೀತೈತಂತ. ಜೀಪ್ ಐತಿ, ಹೋಗಿ ಸಹಿ ಮಾಡಿ ಬರೂಣು.”

ಎದೆಯ ಮೇಲೆ ಬಟ್ಟೆಯ ರಾಶಿ, ಅದರ ಹಿಂದೆ ನನ್ನ ಮುಖ. ಅತ್ತದ್ದು ಅವನಿಗೆ ಕಾಣಲಿಲ್ಲವೆಂದುಕೊಂಡಿದ್ದೇನೆ. “ಖರೇ ಹೇಳ್ರಿ ಮಾಮಾ. ಅವತ್ತ ನೀವು ಕಟ್ಟಿ ಮ್ಯಾಲ ಕುಂತಿದ್ದು ಇವತ್ತ ನನ್ನ ಕುಂದರಸಾಕೇನ್ರಿ?” ಎಂದೆ. ಅವನು ಮೊಣಕಾಲು ತಿಕ್ಕಿಕೊಳ್ಳತೊಡಗಿದ. ಅವನು ಕರೆದರೆ ನಾನು ಹೋಗುವವಳೇ ಇದ್ದೆ, ಚಪ್ಪಲಿ ಎಲ್ಲಿದೆಯೆಂದು ಕಣ್ಣು ಹುಡುಕುತ್ತಿತ್ತು.

ಅಷ್ಟರಲ್ಲಿ ಸೃಷ್ಟಿ ಒಳಗಿನಿಂದ ಬಂದು, “ಅಜ್ಜಾ, ಅದರ ಮ್ಯಾಲ ಯಾರೂ ಕುಂದರಾಂಗಿಲ್ರಿ. ಅದ ಅರಿವಿ ಕುರ್ಚಿ” ಎಂದಳು.

ಮಾಮಾ ಅವಳನ್ನು ನೋಡಿದ, ಬಹಳ ಹೊತ್ತು ನೋಡಿದ. “ಹೌದಾ? ಹಂಗಾರ ಅರಿವಿ ಇಲ್ಲೆ ತಾ” ಎಂದು ನನ್ನ ಕೈಯ ರಾಶಿಯನ್ನು ತನ್ನ ತೊಡೆಯ ಮೇಲೆ ಹಾಕಿಸಿಕೊಂಡ. ಒಂದು ಲಂಗ ತೆಗೆದು ಕೊಡವಿ ಮಡಿಚಿದ. ಒಂದು ಟವೆಲ್. ನನ್ನ ಗಂಡನ ಅಂಗಿ. ಹೊರಗೆ ಹಾರ್ನ್ ಆಯಿತು. “ಅಜ್ಜಾರ, ಲಗೂನ ಬರ್ರಿ, ಟೈಮ್ ಆತು!”

“ಬಂದ್ನೆಪಾ” ಎಂದು ಕೂಗಿ, ಒಂದು ಸೀರೆಯ ತುದಿ ನನ್ನ ಕಡೆ ಚಾಚಿದ. “ಹಿಡಿ. ಒಬ್ಬರ ಕೈಲೆ ಆಗೂದಲ್ಲ ಇದು.” ಹಿಡಿದೆ. ಮತ್ತೆ ಹಾರ್ನ್, ಮತ್ತೆ ‘ಬಂದ್ನೆಪಾ’. ಆ ಮನುಷ್ಯ ಅಷ್ಟು ನಿಧಾನವಾಗಿ, ಅಷ್ಟು ಅಚ್ಚುಕಟ್ಟಾಗಿ, ಮಗಳ ಕಾಲುಚೀಲವನ್ನೂ ಬಿಡದೆ ಜೋಡಿ ಹುಡುಕಿ ಮಡಿಚುತ್ತಿದ್ದ. ರಾಶಿ ತೀರಿದಾಗ ಗೋಡೆಯ ಗಡಿಯಾರದಲ್ಲಿ ಮೂರು ದಾಟಿತ್ತು.

“ಮಾಮಾ, ಬೀಗರಿಗೆ ಏನ ಹೇಳ್ತೀರಿ?” ಎಂದೆ.

“ಏನ ಹೇಳೂದು? ಕುಂತಿದ್ದೆ, ಮೊಣಕಾಲ ಹಿಡದ್ವು, ಏಳಾಕ ಆಗಲಿಲ್ಲ ಅಂತೀನಿ.”

ಜೀಪಿನವರೆಗೆ ಅವನು ಕುಂಟಿದ್ದನ್ನು ನೀವು ನೋಡಬೇಕಿತ್ತು. ಬರುವಾಗ ಒಂದು ಕಾಲಿಗೆ ಇದ್ದ ನೋವು ಹೋಗುವಾಗ ಎರಡಕ್ಕೂ ಆಗಿತ್ತು.

ಮತದಾನ ಇನ್ನೂ ಮುಂದಿದೆ. ಬೀಗರ ಮನೆಯಿಂದ ಮಾಮಾನಿಗೆ ಬಿರುಸು ಮಾತುಗಳು ಬಂದಿವೆಯಂತೆ. ಗೆಲ್ಲುತ್ತೇನೋ ಇಲ್ಲವೋ, ಅಂಗಾಲ ಬೆಂಕಿ ಇನ್ನೂ ಆರಿಲ್ಲ. ಮಡಿಚಿದ ಬಟ್ಟೆಗಳು ಮಾತ್ರ ಟ್ರಂಕು ಸೇರಿವೆ, ಮತ್ತೆ ರಾಶಿ ಹಾಕಲು ಮನಸ್ಸಾಗಿಲ್ಲ. ನಮ್ಮ ಕಡೆ ಬಂದರೆ ಮನೆಗೆ ಬರ್ರಿ, ಕುಂದರ್ರಿ. ಕುರ್ಚಿ ಖಾಲಿ ಇದೆ. ನಾನು ನಿಂತಿದ್ದೇನೆ.