ಕುದುರೆಗೆ ನೀರು ಕುಡಿಸುವವನು

ಮಂಗಳವಾರ, ಶುಕ್ರವಾರ ಬೆಳಗಿನ ಆರೂವರೆಯ ಬಸ್ಸು ಹಿಡಿದು ಆಂಜಿನಪ್ಪ ಕೋಲಾರಕ್ಕೆ ಹೋಗಿಬರಲು ಶುರುಮಾಡಿ ಮೂರನೆಯ ವರ್ಷ ನಡೆಯುತ್ತಿತ್ತು. ಕುರುಡುಮಲೆಯ ಆಚೆಗಿನ ಹಳ್ಳಿಯಲ್ಲಿ ಅವನಿಗೆ ಮುಕ್ಕಾಲು ಎಕರೆ ಹಿಪ್ಪುನೇರಳೆ ತೋಟವಿತ್ತು, ರೇಷ್ಮೆಹುಳು ಸಾಕುವ ಒಂದು ಶೆಡ್ಡಿತ್ತು. ಸಕ್ಕರೆ ಕಾಯಿಲೆ ಎರಡೂ ಕಿಡ್ನಿ ತಿಂದುಹಾಕಿದ ಮೇಲೆ ತೋಟ ಹೆಂಡತಿ ಗಂಗಾಳ ಪಾಲಿಗೆ ಬಂತು, ಡಯಾಲಿಸಿಸ್ ಅವನ ಪಾಲಿಗೆ ಬಂತು. ಐವತ್ತನಾಲ್ಕು ವರ್ಷದ ಮೈ ಎಪ್ಪತ್ತರದ್ದಾಗಿತ್ತು. ಬಸ್ಸಿನ ಮೆಟ್ಟಿಲು ಹತ್ತುವಾಗ ಒಮ್ಮೆ, ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತು ಉಸಿರು ಹಿಡಿಯಬೇಕಿತ್ತು.

ವಾರ್ಡಿನಲ್ಲಿ ಮೊದಲು ತೂಕ ನೋಡುತ್ತಿದ್ದರು. ಮೂರು ನಾಲ್ಕು ದಿನದಲ್ಲಿ ಮೈಯಲ್ಲಿ ಎಷ್ಟು ನೀರು ನಿಂತಿದೆ ಎಂದು ತಕ್ಕಡಿ ಹೇಳಿಬಿಡುತ್ತಿತ್ತು. ಆಮೇಲೆ ಎಡಗೈಗೆ ಎರಡು ಸೂಜಿ, ನಾಲ್ಕು ಗಂಟೆ ಅಲುಗಾಡುವಂತಿಲ್ಲ. ನಿದ್ದೆ ಬರುತ್ತಿರಲಿಲ್ಲ. ಮೇಲೆ ತಿರುಗುವ ಫ್ಯಾನಿನ ರೆಕ್ಕೆಗಳನ್ನು ನೋಡಿ ನೋಡಿ ತಲೆ ಮಂಕಾಗುತ್ತಿತ್ತು.

ಮಗಳು ಶ್ವೇತ ಮುಳಬಾಗಿಲಿನ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಒಂದು ಸಲ ಶಾಲೆಯ ಲೈಬ್ರರಿಗೆ ಬಂದಿದ್ದ ಪುಸ್ತಕವೊಂದನ್ನು ಅಪ್ಪನ ಚೀಲಕ್ಕೆ ಹಾಕಿದಳು. ಹಳೆಗನ್ನಡದ ದೊಡ್ಡ ಕಾವ್ಯವೊಂದನ್ನು ಈಗಿನ ಮಾತಿಗೆ ಇಳಿಸಿ, ಪುಟಪುಟಕ್ಕೂ ಬಣ್ಣದ ಚಿತ್ರ ಬರೆಸಿ, ಐದು ಭಾಗ ಮಾಡಿದ್ದರು; ಇದು ಮೊದಲನೆಯದು.

"ಅಕ್ಷರ ದಪ್ಪಗೈತೆ ಅಪ್ಪ. ಒಂದೇ ಕೈಯಲ್ಲಿ ಹಿಡ್ಕೋಬಹುದು," ಎಂದಳು.

ಆಂಜಿನಪ್ಪನಿಗೆ ಆ ಕಾವ್ಯದ ಹೆಸರು ಕೇಳಿದರೇ ಮೈ ಉರಿಯುತ್ತಿತ್ತು. ಎಂಟನೆಯ ಕ್ಲಾಸಿನಲ್ಲಿ ಅದರ ನಾಲ್ಕು ಪದ್ಯ ಬಾಯಿಪಾಠ ಬರಲಿಲ್ಲವೆಂದು ಮೇಷ್ಟ್ರು ಹೊಡೆದು ಬೆಂಚಿನ ಮೇಲೆ ನಿಲ್ಲಿಸಿದ್ದರು; ಮನೆಯಲ್ಲಿ ತೆಲುಗು ಆಡುವ ಹುಡುಗನಿಗೆ ಆ ಪದಗಳು ಬಾಯಲ್ಲಿ ಕಲ್ಲಾಗುತ್ತಿದ್ದವು. ಈಗ ಬೇರೆ ದಾರಿಯಿಲ್ಲದೆ ಪುಸ್ತಕ ತೆರೆದ. ಇಬ್ಬರು ಅಣ್ಣತಮ್ಮಂದಿರ ಮನೆತನ, ಒಂದು ಮಾತಿಗೆ ಬಂದ ವೈರ, ಸುತ್ತಲ ರಾಜರೆಲ್ಲ ಬಂದು ಸೇರಿದ ಯುದ್ಧ. ಇಷ್ಟೇನಾ ಇದು ಅನ್ನಿಸಿತು. ಇಷ್ಟಕ್ಕೆ ಅಷ್ಟು ಹೊಡೆತ ತಿಂದೆನಲ್ಲ ಅಂತಲೂ ಅನ್ನಿಸಿತು. ಆದರೆ ಓದುತ್ತಾ ಹೋದ.

ಪಕ್ಕದ ಹಾಸಿಗೆ ಶ್ಯಾಮಲಮ್ಮನದು. ರಾಯಲ್ಪಾಡಿನ ಕಡೆಯ ಹೆಂಗಸು, ಅವನಿಗಿಂತ ಏಳೆಂಟು ವರ್ಷ ದೊಡ್ಡವಳು, ಮಾವಿನ ತೋಪುಗಳಲ್ಲಿ ಕಾಯಿ ಆರಿಸುವ ಕೂಲಿ ಮಾಡಿದವಳು. ಎರಡು ಬಸ್ಸು ಬದಲಿಸಿ ಬರುವಷ್ಟರಲ್ಲಿ ಅವಳಿಗೆ ಅರ್ಧ ಜೀವ ಹೋಗಿರುತ್ತಿತ್ತು. ಅಷ್ಟು ದಿನ ಒಬ್ಬರಿಗೊಬ್ಬರು "ಇವತ್ತು ಎಷ್ಟು ಕೆಜಿ?" ಎಂದು ಕೇಳಿಕೊಂಡದ್ದು ಬಿಟ್ಟರೆ ಹೆಚ್ಚು ಮಾತಿರಲಿಲ್ಲ.

"ಬೊಮ್ಮ ತೋರ್ಸು ನಾಯನಾ," ಎಂದಳು ಒಂದು ದಿನ, ಪುಸ್ತಕದ ಚಿತ್ರದ ಕಡೆ ಕೈ ತೋರಿಸಿ. "ನಂಗೆ ತೆಲುಗೂ ಓದಕ್ ಬರಲ್ಲ, ಕನ್ನಡಾನೂ ಬರಲ್ಲ. ಬೊಮ್ಮ ನೋಡ್ತೀನಿ."

ಆಂಜಿನಪ್ಪ ಬಲಗೈ ಚಾಚಿ ಪುಸ್ತಕ ಹಿಡಿದ. ಎರಡು ನಿಮಿಷಕ್ಕೇ ತೋಳು ಸೋತಿತು. ನರ್ಸ್ ರಂಜಿತ ನೋಡಿ, ಡ್ರಿಪ್ಪಿನ ಕಂಬವನ್ನು ಇಬ್ಬರ ನಡುವೆ ಎಳೆದು ತಂದು, ಪುಸ್ತಕವನ್ನು ಕ್ಲಿಪ್ ಹಾಕಿ ಅದಕ್ಕೆ ಸಿಕ್ಕಿಸಿದಳು. ಅಂದಿನಿಂದ ಅವನು ಓದುವುದು, ತಿಳಿಯದ ಕಡೆ ತೆಲುಗಿನಲ್ಲಿ ಹೇಳುವುದು, ಅವಳು ನೋಡುವುದು ನಡೆಯಿತು.

ಎರಡನೆಯ ಭಾಗದಲ್ಲಿ ಸೇನೆಗಳು ಬಂದು ನಿಂತಿದ್ದವು. ಚಿನ್ನದ ರಥದಲ್ಲಿ ಬಿಲ್ಲು ಹಿಡಿದ ರಾಜಕುಮಾರನ ಪರಾಕ್ರಮವನ್ನು ಆಂಜಿನಪ್ಪ ಗಂಟಲು ಏರಿಸಿ ಓದುತ್ತಿದ್ದ.

"ಅದಿರ್ಲಿ. ವೀಡೆವರು ನಾಯನಾ, ಇವ್ನ್ಯಾರು?"

ಅವಳ ಬೆರಳು ಚಿತ್ರದ ಮೂಲೆಯಲ್ಲಿತ್ತು. ಬಗ್ಗಿದ ಬೆನ್ನಿನ, ನರೆತ ಮೀಸೆಯ ಒಬ್ಬ ಆಳು ತೊಗಲಿನ ಚೀಲದಿಂದ ಕುದುರೆಗೆ ನೀರು ಕುಡಿಸುತ್ತಿದ್ದ. ಆಂಜಿನಪ್ಪ ಅವನನ್ನು ನೋಡಿಯೇ ಇರಲಿಲ್ಲ. ಹಿಂದಿನ ಪುಟಗಳನ್ನು ತಿರುವಿದರೆ ಅಲ್ಲೂ ಇದ್ದ. ಒಂದು ಕಡೆ ಚಕ್ರದ ಹಿಂದೆ, ಇನ್ನೊಂದು ಕಡೆ ಕೆರೆಯ ದಂಡೆಯಲ್ಲಿ.

"ನೀರು ಕುಡಿಸೋನು ಕಣಕ್ಕ."

"ಅದು ನಂಗೂ ಕಾಣ್ತೈತೆ. ಹೆಸ್ರೇನು?"

ಹೆಸರಿರಲಿಲ್ಲ. ಇಬ್ಬರಿಗೂ ದಿನಕ್ಕೆ ಮೂರು ಲೋಟದ ಮೇಲೆ ನೀರು ಕುಡಿಯುವಂತಿರಲಿಲ್ಲ. ಮೇ ತಿಂಗಳು, ನಾಲಿಗೆ ಅಂಗುಳಿಗೆ ಅಂಟುವ ಕಾಲ. ಶ್ಯಾಮಲಮ್ಮ ಆ ಚೀಲದಿಂದ ಸುರಿಯುವ ನೀರನ್ನು ನೋಡುತ್ತಾ ಮಲಗಿರುತ್ತಿದ್ದಳು.

ಮೂರನೆಯ ಭಾಗದಲ್ಲಿ ಯುದ್ಧ ಶುರುವಾಯಿತು. ಪುಟ ತಿರುಗಿಸಿದಾಗಲೆಲ್ಲ ಅವಳದು ಒಂದೇ ಪ್ರಶ್ನೆ. ಅವ್ನು ಇದ್ದಾನಾ? ಅವ್ನಿಗೆ ಏಟು ಬಿತ್ತಾ? ಒಂದು ಮಂಗಳವಾರ ಆಂಜಿನಪ್ಪನ ಬಿಪಿ ಇಳಿದು, ಕಾಲಿನ ಸ್ನಾಯು ಸೆಳೆದು, ಕಣ್ಣಿಗೆ ಕತ್ತಲೆ ಬಂದು ಹೋಗಿತ್ತು. ಆಗಲೂ ಅವಳು ಕೇಳಿದಳು. ಅವನು ರೇಗಿದ.

"ಸಾವ್ರ ಜನ ಸಾಯ್ತಾವ್ರೆ ಅಲ್ಲಿ, ನಿಂಗೆ ಆ ನೀರು ಹಾಕೋನ್ದೇ ಚಿಂತೆ! ಸುಮ್ನಿರಕ್ಕ."

ಶ್ಯಾಮಲಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಸಂಜೆ ಮನೆಯಲ್ಲಿ ರಾಗಿ ಮುದ್ದೆ ಮುರಿಯುವಾಗ ಆ ತಿರುಗಿದ ಮುಖ ಅವನಿಗೆ ನೆನಪಾಗಿ ಊಟ ಸೇರಲಿಲ್ಲ.

ಶುಕ್ರವಾರ ಅವನು ಒಂದು ಉಪಾಯ ಮಾಡಿದ. ಓದುತ್ತಾ ಓದುತ್ತಾ ನಡುವೆ ತಾನೇ ಕಟ್ಟಿದ ಮಾತು ಸೇರಿಸಿದ. ಕುದುರೆಗೆ ನೀರು ಕುಡಿಸುವವನ ಭಕ್ತಿಗೆ ಮೆಚ್ಚಿ ರಾಜ ಕೊರಳಿನ ಹಾರ ತೆಗೆದು ಕೊಟ್ಟನಂತೆ.

"ಸುಳ್ಳು," ಎಂದಳು ಶ್ಯಾಮಲಮ್ಮ ಕಣ್ಣು ಮುಚ್ಚಿಕೊಂಡೇ. "ಓದೋವಾಗ ನೀನು ತಡವರಿಸ್ತೀಯ. ಇದು ಸಲೀಸಾಗಿ ಬಂತು."

ಆಂಜಿನಪ್ಪ ಪುಸ್ತಕದ ಕಡೆ ತಿರುಗಿ ಬಿಟ್ಟ ಸಾಲು ಹುಡುಕಿದ. ಅವಳೇ, "ನಂಗಾಗಿ ಹೇಳ್ದೆ ಅಂತ ಗೊತ್ತು ಬಿಡು, ಮುಂದಕ್ ಓದು," ಎಂದಳು.

ಅವನು ಶ್ವೇತಳಿಗೆ ಹೇಳಿ ಆ ಆಳನ್ನು ಹಳೆಗನ್ನಡದ ಮೂಲದಲ್ಲಿ ಹುಡುಕಿಸಿದ. ಅವಳು ಎರಡು ಭಾನುವಾರ ಕೂತು ಪದ್ಯಗಳನ್ನು ಬಿಡಿಸಿ ನೋಡಿದಳು. ಕುದುರೆಗಳ ದಣಿವಾರಿಸಿದರು ಎಂದು ಒಂದು ಕಡೆ ಅರ್ಧ ಸಾಲಿತ್ತು. ಯಾರು ಎಂದಿರಲಿಲ್ಲ. ಆ ಮನುಷ್ಯನನ್ನು ಚಿತ್ರ ಬರೆದವರೇ ತಂದದ್ದು.

"ಪೋನೀಲೆ, ಹೋಗ್ಲಿ ಬಿಡು, ಅವ್ರಿಗಾದ್ರೂ ಕಾಣಿಸ್ದನಲ್ಲ," ಎಂದಳು ಶ್ಯಾಮಲಮ್ಮ ಅದನ್ನು ಕೇಳಿ.

ನಾಲ್ಕನೆಯ ಭಾಗ ಮುಗಿಯುವ ಹೊತ್ತಿಗೆ ಅವಳಿಗೆ ಊರಿಗೆ ಹತ್ತಿರದ ಶ್ರೀನಿವಾಸಪುರದ ಆಸ್ಪತ್ರೆಯಲ್ಲೇ ಹಾಸಿಗೆ ಸಿಕ್ಕಿತು. ಒಂದೇ ಬಸ್ಸು, ಅರ್ಧ ದಾರಿ. ಅವಳು ಸಂತೋಷಪಡಬೇಕಿತ್ತು, ಪಟ್ಟಳು ಕೂಡ. ಹೋಗುವ ದಿನ ಸೊಸೆ ಮೇಘನಳ ಫೋನ್ ನಂಬರನ್ನು ರಂಜಿತಳ ಕೈಯಲ್ಲಿ ಚೀಟಿ ಮೇಲೆ ಬರೆಸಿ ಕೊಟ್ಟಳು.

"ಐದನೇದು ಬಂದಾಗ ಹೇಳು ನಾಯನಾ. ಇದ್ದಿದ್ದು ಇದ್ದಂಗೆ ಹೇಳ್ಬೇಕು."

ಪಕ್ಕದ ಹಾಸಿಗೆಗೆ ಮಾಲೂರಿನ ಒಬ್ಬರು ಬಂದರು. ಅವರು ಮಲಗಿದ ತಕ್ಷಣ ಗೊರಕೆ ಹೊಡೆಯುತ್ತಿದ್ದರು.

ಐದನೆಯ ಭಾಗವನ್ನು ಶಾಲೆಯಲ್ಲಿ ಯಾರೋ ಮನೆಗೆ ಒಯ್ದಿದ್ದರಿಂದ ಅದು ಕೈಗೆ ಸಿಗಲು ಒಂದೂವರೆ ತಿಂಗಳಾಯಿತು. ಆಂಜಿನಪ್ಪ ಅದನ್ನು ಎರಡು ಸರದಿಯಲ್ಲಿ ಓದಿ ಮುಗಿಸಿದ. ಓದಿದ ಅನ್ನುವುದಕ್ಕಿಂತ ಚಿತ್ರಗಳ ಮೂಲೆ ಹುಡುಕಿದ ಅನ್ನಬೇಕು. ಯುದ್ಧ ಮುಗಿದ ಬಯಲಿನ ಚಿತ್ರ ಎರಡು ಪುಟ ಹರಡಿತ್ತು. ಮುರಿದ ರಥಗಳು, ಬಿದ್ದ ಆನೆ, ಕುದುರೆ, ಗಂಡಂದಿರನ್ನು ಹುಡುಕುತ್ತಿರುವ ಹೆಂಗಸರು. ಕನ್ನಡಕ ಒರೆಸಿಕೊಂಡು ಒಂದೊಂದು ಮುಖವನ್ನೂ ನೋಡಿದ. ರಂಜಿತಳನ್ನು ಕರೆದು ಅವಳ ಕಣ್ಣಲ್ಲೂ ನೋಡಿಸಿದ. ನರೆತ ಮೀಸೆಯವನು ಬದುಕಿದವರಲ್ಲೂ ಇರಲಿಲ್ಲ, ಸತ್ತವರಲ್ಲೂ ಇರಲಿಲ್ಲ.

ಮಲಗಿದ್ದಲ್ಲಿಂದಲೇ ಫೋನ್ ಮಾಡಿದ. ಮೇಘನ ಅತ್ತೆಗೆ ಕೊಟ್ಟಳು. ಶ್ಯಾಮಲಮ್ಮನ ದನಿ ಇನ್ನಷ್ಟು ಸಣ್ಣಗಾಗಿತ್ತು.

"ಕಾಣಿಸ್ಲಿಲ್ಲ ಅಕ್ಕ. ಎಲ್ಲಾ ಕಡೆ ನೋಡ್ದೆ."



"ಸತ್ತಂಗೆ ತೋರ್ಸವ್ರಾ?"

"ಇಲ್ಲ."

"ಹಂಗಾದ್ರೆ ಊರಿಗ್ ಹೋಗವ್ನೆ. ಯುದ್ಧ ಮುಗೀತು, ಕುದುರೆ ಇಲ್ಲ, ಅವ್ನಿಗೇನು ಕೆಲ್ಸ ಅಲ್ಲಿ?" ಎಂದಳು. ಆಮೇಲೆ, "ನಿನ್ನ ತೂಕ ಎಷ್ಟು ಇವತ್ತು?"

"ಎರಡೂವರೆ ಜಾಸ್ತಿ."

"ಬಾಯಿ ಕಟ್ಟು ನಾಯನಾ. ನೀರು ಕುಡೀಬೇಡ ಅಷ್ಟು," ಎಂದು ಬೈದು ಫೋನ್ ಇಟ್ಟಳು.

ಮಧ್ಯಾಹ್ನ ಮನೆ ಮುಟ್ಟಿದಾಗ ಗಂಗಾ ಶೆಡ್ಡಿನಲ್ಲಿ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ನಾಲ್ಕನೆಯ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳುಗಳು ಸೊಪ್ಪು ಮೇಯುವ ಸದ್ದು ಸೋನೆ ಮಳೆಯಂತೆ ಕೇಳಿಸುತ್ತಿತ್ತು. ಅವನು ಬಾಗಿಲಲ್ಲೇ ಕುಕ್ಕರಿಸಿದ.

"ಪುಸ್ತಕ ಮುಗೀತಾ?" ಎಂದಳು ತಿರುಗದೆ.

"ಹ್ಞೂ."

"ಕೊನೇಗೆ ಯಾರು ಗೆದ್ರು?"

ಆಂಜಿನಪ್ಪ ನೆನಪು ಮಾಡಿಕೊಳ್ಳಲು ನೋಡಿದ. ಕಿರೀಟ ಇಟ್ಟುಕೊಂಡವನ ಮುಖ ಕಣ್ಣಿಗೆ ಬರಲಿಲ್ಲ. "ಇಬ್ರಲ್ಲಿ ಚಿಕ್ಕೋನು ಅಂತ ಕಾಣ್ತೈತೆ. ಆಮೇಲೆ ನೋಡಿ ಹೇಳ್ತೀನಿ," ಎಂದು, ಟವೆಲ್ಲನ್ನು ಮಡಿಚಿ ತಲೆಗಿಟ್ಟುಕೊಂಡು ಜಗಲಿಯ ಮೇಲೆ ಉರುಳಿದ.